ಕುರಿ, ತೋಳ ಮತ್ತು ಇಬ್ನು ಸೀನಾ

ತೋಳವನ್ನು ಕಂಡ ಕುರಿ ಏಕೆ ಓಡುತ್ತದೆ? ತೋಳದ ಬಣ್ಣ, ಆಕಾರಗಳು ಕಣ್ಣಿಗೆ ಕಾಣುತ್ತವೆ. ಅದರ ಹಗೆತನ ಕಾಣುವುದಿಲ್ಲ. ಇಬ್ನು ಸೀನಾ (980-1037) ಪರಿಶೀಲಿಸಿದ ಪ್ರಶ್ನೆಯಿದು. ಇಂದ್ರಿಯಗಳಿಗೆ ನಿಲುಕದ ಅರ್ಥವನ್ನು ಗ್ರಹಿಸುವ ಆಂತರಿಕ ಶಕ್ತಿಯೊಂದು ಪ್ರಾಣಿಗಳಲ್ಲಿದೆಯೆಂದು ವಾದಿಸಿ, ಅದನ್ನು ಅವರು 'ವಹ್ಮ್' ಎಂದು ಕರೆದರು. ವಿವೇಚನಾಬುದ್ಧಿಯನ್ನು ಮಾತ್ರ ಮನುಷ್ಯನಿಗೆ ಮೀಸಲಿಟ್ಟರು.

ಅವರು ನಿಧನರಾಗಿ 600 ವರ್ಷಗಳ ಬಳಿಕ, 1637ರಲ್ಲಿ, ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ ಪ್ರಾಣಿಗಳನ್ನು ಯಂತ್ರಗಳಿಗೆ ಹೋಲಿಸಿದರು. 1970ರಲ್ಲಿ ಅಮೆರಿಕದ ಗಾರ್ಡನ್ ಗ್ಯಾಲಪ್, ಕನ್ನಡಿಗೆ ಒಗ್ಗಿದ್ದ ಚಿಂಪಾಂಜಿಗಳಿಗೆ ಅರಿವಳಿಕೆ ನೀಡಿ ಹುಬ್ಬಿನ ಮೇಲೆ ಕೆಂಪು ಬಣ್ಣ ಹಚ್ಚಿದರು. ಎಚ್ಚೆತ್ತು ಕನ್ನಡಿ ನೋಡಿದಾಗ ಅವು ತಮ್ಮದೇ ಹುಬ್ಬನ್ನು ಮುಟ್ಟಿಕೊಂಡವು. ಆದರೆ ಇದು ಕಣ್ಣನ್ನು ನೆಚ್ಚಿದ ಜೀವಿಗೆ ಒಪ್ಪುವ ಪರೀಕ್ಷೆ. ಮೂಗನ್ನು ನೆಚ್ಚಿದ ನಾಯಿ ಅದರಲ್ಲಿ ಸೋತರೆ, ಅದಕ್ಕೆ ಅರಿವಿಲ್ಲವೆಂದು ತೀರ್ಮಾನಿಸಲಾಗದು.

ಪರೀಕ್ಷೆಗಳು ಮುಗಿಯುವ ತನಕ ಕರುಣೆ ಕಾಯಬೇಕೇ? ಬಲಿಪ್ರಾಣಿಯ ಕಣ್ಣೆದುರು ಚೂರಿ ಮಸೆಯುವುದನ್ನು ಪ್ರವಾದಿ(ಸ)ರು ಆಕ್ಷೇಪಿಸಿದರು. ಚೂರಿಯ ಅರ್ಥ ಆ ಜೀವಕ್ಕೂ ತಿಳಿದೀತೆಂಬ ಎಚ್ಚರ ಆ ಬೋಧನೆಯಲ್ಲಿದೆ. ಕುರ್‌ಬಾನಿಯ ದಿನ ನಮ್ಮ ಅಂಗಳದಲ್ಲಿ ನಿಲ್ಲುವ ಕುರಿಯೂ ತೋಳವನ್ನು ಗುರುತಿಸುವ ಅದೇ ಕುರಿ ಎಂಬುದನ್ನು ನಾವು ಮರೆಯಬಾರದು.