ಹಿಮಚಂದ್ರಗಳ ತೂಗಾಟ ಮತ್ತು ಒಳರಚನೆ

ಗುರು, ಶನಿಗಳ ಹಿಮಾವೃತ ಉಪಗ್ರಹಗಳು ತಿರುಗುವಾಗ ಅತ್ತಿತ್ತ ತೂಗುವ ಪ್ರಮಾಣವನ್ನು ಅಳೆದು ಅವುಗಳ ಒಡಲನ್ನು ಅರಿಯುವ ವಿಧಾನ. ನಮ್ಮ ಚಂದ್ರನಂತೆ ಇವುಗಳಲ್ಲಿ ಬಹುಪಾಲು ಒಂದೇ ಮುಖವನ್ನು ಗ್ರಹದತ್ತ ಇಟ್ಟುಕೊಂಡೇ ಸುತ್ತುತ್ತವೆ.

ಚಂದ್ರನ ಈ ಏಕಮುಖ ನಡೆ ನಮ್ಮ ಸಿದ್ಧಾಂತಿಗಳ ಲೆಕ್ಕದಲ್ಲಿ ಆಗಲೇ ಸೇರಿತ್ತು. ಭಾಸ್ಕರಾಚಾರ್ಯನ (ಜನನ 1114) ‘ಸಿದ್ಧಾಂತಶಿರೋಮಣಿ’ (1150) ಪಿತೃಗಳನ್ನು ಚಂದ್ರನ ಮೇಲ್ಭಾಗದಲ್ಲಿರಿಸಿ, ನಮ್ಮ ಅಮಾವಾಸ್ಯೆಯೇ ಅವರಿಗೆ ನಡುಹಗಲು ಎನ್ನುತ್ತದೆ. ನಮಗೆ ಕಾಣದ ಮುಖವೊಂದು ಸದಾ ಹಾಗೆಯೇ ಉಳಿದರೆ ಮಾತ್ರ ಈ ಎಣಿಕೆ ಕೂಡುತ್ತದೆ. ಕ್ಷಣಕ್ಷಣಕ್ಕೂ ಬದಲಾಗುವ ವೇಗವನ್ನು ‘ತಾತ್ಕಾಲಿಕ ಗತಿ’ಯೆಂದು ಗಣಿಸಿದ್ದೂ ಅದೇ ಗ್ರಂಥ.

ಆ ಏರಿಳಿಯುವ ವೇಗವೇ ತೂಗಾಟದ ಮೂಲ. ಕಕ್ಷೆಯಲ್ಲಿನ ನಡಿಗೆ ಹೆಚ್ಚುಕಡಿಮೆಯಾಗುತ್ತದೆ, ತನ್ನ ಸುತ್ತಿನ ತಿರುಗಾಟ ಸಮವಾಗಿರುತ್ತದೆ. ಹೀಗಾಗಿ ಮುಖ ಓಲಾಡಿದಂತೆ ಕಾಣುತ್ತದೆ. 17ನೆಯ ಶತಮಾನದಲ್ಲಿ ಗೆಲಿಲಿಯೋ ಚಂದ್ರನಲ್ಲಿ ಓಲಾಟವನ್ನು ಗಮನಿಸಿದ್ದನು. ಇದು ನೋಟಕ್ಕೆ ತೋರುವ ತೂಗಾಟ. ಇದರ ಮೇಲೆ, ಕೊಂಚ ಉದ್ದುದ್ದವಾದ ಕಾಯವನ್ನು ಗ್ರಹ ತನ್ನತ್ತ ಎಳೆಯುವುದರಿಂದ ನಿಜವಾದ ತೂಗಾಟವೂ ಹುಟ್ಟುತ್ತದೆ. ಒಳಗೆಲ್ಲ ಗಟ್ಟಿಯಿದ್ದರೆ ಅದು ಕಿರಿದು. ಕೆಳಗೆ ನೀರಿದ್ದು ಹಿಮದ ಚಿಪ್ಪು ತಿರುಳಿನಿಂದ ಬಿಡಿಸಿಕೊಂಡಿದ್ದರೆ ದೊಡ್ಡದು. ಕೊಬ್ಬರಿ ಕರಟ ಬಿಟ್ಟಿದೆಯೇ ಎಂದು ಕಾಯಿಯನ್ನು ಒಡೆಯದೆ ಅಲುಗಿಸಿ ತಿಳಿಯುವುದು ಇದೇ ತರ್ಕದಿಂದ.

ವಿಧಾನದ ಬಲ ಬುಧಗ್ರಹದಲ್ಲೂ ಕಂಡಿದೆ: 2007ರಲ್ಲಿ ಭೂಮಿಯಿಂದಲೇ ರೇಡಾರ್ ಅಲೆಗಳನ್ನು ಕಳಿಸಿ, ಅದರ ಹೊರತಿರುಳು ದ್ರವರೂಪದಲ್ಲಿದೆಯೆಂದು ತೋರಿಸಲಾಯಿತು. ಆದರೆ ಇದರ ದೊಡ್ಡ ಗೆಲುವು ಶನಿಯ ಎನ್ಸೆಲಾಡಸ್. ಸುಮಾರು 504 ಕಿ.ಮೀ. ವ್ಯಾಸದ ಈ ಚಂದ್ರನ ದಕ್ಷಿಣ ಧ್ರುವದಿಂದ ನೀರಾವಿ ಚಿಮ್ಮುವುದನ್ನು ಕ್ಯಾಸಿನಿ ನೌಕೆ 2005ರಲ್ಲಿ ಕಂಡಿತು. ಆ ನೀರು ಧ್ರುವದಡಿಯ ಮಡುವಷ್ಟೇ ಇರಬಹುದೆಂಬ ವಾದ ಹತ್ತು ವರ್ಷ ನಿಂತಿತ್ತು. ಏಳಕ್ಕೂ ಹೆಚ್ಚು ವರ್ಷಗಳ ಚಿತ್ರಗಳಲ್ಲಿ ಕುಳಿಗಳ ಸ್ಥಾನ ಗುರುತಿಸಿದ ವಿಜ್ಞಾನಿಗಳಿಗೆ 2015ರಲ್ಲಿ 0.120 ಡಿಗ್ರಿ ತೂಗಾಟ ಸಿಕ್ಕಿತು. ನೆಲದ ಮೇಲೆ ಅದು ಅರ್ಧ ಕಿಲೋಮೀಟರು ಮಾತ್ರ. ಗಟ್ಟಿ ಗೋಳಕ್ಕೆ ಅಷ್ಟೂ ಅಸಾಧ್ಯ. ಸಾಗರ ಇಡೀ ಚಂದ್ರನನ್ನು ಆವರಿಸಿದೆಯೆಂಬುದು ಹೀಗೆ ನಿಶ್ಚಯವಾಯಿತು.

ತೂಗಾಟವೊಂದೇ ಎಲ್ಲೆಡೆ ಸಾಲದು. ಶನಿಯ ಮತ್ತೊಂದು ಚಂದ್ರ ಮೈಮಾಸ್‌ನಲ್ಲಿ 2014ರಲ್ಲಿ ನಿರೀಕ್ಷೆಯ ಸುಮಾರು ಎರಡರಷ್ಟು ತೂಗಾಟ ಕಂಡಾಗ ಕಾರಣ ಸಾಗರವೋ, ಉದ್ದನೆಯ ತಿರುಳೋ ಎಂದು ಹೇಳಲಾಗಲಿಲ್ಲ. 2024ರಲ್ಲಿ ಕಕ್ಷೆಯ ಸರಿತವನ್ನೂ ಲೆಕ್ಕಹಾಕಿದ ಮೇಲೆ 20–30 ಕಿ.ಮೀ. ಹಿಮದಡಿ ಎಳೆವಯಸ್ಸಿನ ಸಾಗರವಿದೆಯೆಂಬ ತೀರ್ಮಾನ ಬಂತು.

2023ರ ಏಪ್ರಿಲ್‌ನಲ್ಲಿ ಹೊರಟ ಯುರೋಪಿನ ಜ್ಯೂಸ್ ನೌಕೆ ಗುರುವಿನ ಗ್ಯಾನಿಮೀಡನ್ನು ಸುತ್ತುತ್ತ ಅದರ ತಿರುಗಾಟವನ್ನೂ ಅಳೆಯಲಿದೆ.