ಎರಡು ಪೆಗ್‌ಗೆ ಎಷ್ಟು ಅಂಕ: ಇಂಗ್ಲೆಂಡಿನ ವಲಸಿಗರು ಮತ್ತು ಕುಡಿತದ ಪ್ರಶ್ನಾವಳಿ

ಇಂಗ್ಲೆಂಡಿನಲ್ಲಿ ಮಾನಸಿಕ ಚಿಕಿತ್ಸೆ ದೊಡ್ಡ ಆಸ್ಪತ್ರೆಗಳಿಂದ ಬಡಾವಣೆಗಳಿಗೆ ಇಳಿದು ಬಂದ ಕಾಲವೂ, ಪಂಜಾಬ್, ಕೆರಿಬಿಯನ್ ದ್ವೀಪಗಳು ಹಾಗೂ ಐರ್ಲೆಂಡಿನಿಂದ ಬಂದ ದುಡಿಮೆಗಾರರು ಅದೇ ಬಡಾವಣೆಗಳಲ್ಲಿ ನೆಲೆಯೂರಿದ ಕಾಲವೂ ಹೆಚ್ಚುಕಡಿಮೆ ಒಂದೇ. 1950ರ ದಶಕದ ನಡುವೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು ಒಂದೂವರೆ ಲಕ್ಷ ರೋಗಿಗಳಿದ್ದರು. 1961ರಲ್ಲಿ ಆಗಿನ ಆರೋಗ್ಯ ಸಚಿವ ಈನಕ್ ಪೊವೆಲ್ (ಏಳು ವರ್ಷಗಳ ಬಳಿಕ ವಲಸಿಗರ ವಿರುದ್ಧದ ಭಾಷಣದಿಂದ ಕುಖ್ಯಾತನಾದವನೂ ಈತನೇ) ಅವುಗಳನ್ನು ಮುಚ್ಚುವ ಇಂಗಿತ ನೀಡಿದನು. ಮುಂದಿನ ದಶಕಗಳಲ್ಲಿ ಮನೋವೈದ್ಯರು, ನರ್ಸುಗಳು ಮತ್ತು ಸಮಾಜ ಕಾರ್ಯಕರ್ತರು ಕೂಡಿ ರೋಗಿಯನ್ನು ಅವನ ಮನೆಯ ಹತ್ತಿರವೇ ನೋಡಿಕೊಳ್ಳುವ 'ಸಮುದಾಯ ಮಾನಸಿಕ ಆರೋಗ್ಯ ತಂಡ'ಗಳು ರೂಪುಗೊಂಡವು. ರೋಗಿಯ ಕುಡಿತವನ್ನು ಆರಂಭದಲ್ಲೇ ಪತ್ತೆಹಚ್ಚುವ ತಪಾಸಣೆ, ಅಂದರೆ ಸ್ಕ್ರೀನಿಂಗ್, ಈ ತಂಡಗಳ ಪಾಲಿಗೂ ಬಂದಿತು.

ಆ ಕೆಲಸಕ್ಕೆ ದೊರೆತ ಮುಖ್ಯ ಸಾಧನ 'ಆಡಿಟ್' ಎಂಬ ಪ್ರಶ್ನಾವಳಿ. ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆಯೊಂದರಲ್ಲಿ ಆಸ್ಟ್ರೇಲಿಯಾ, ಬಲ್ಗೇರಿಯಾ, ಕೆನ್ಯಾ, ಮೆಕ್ಸಿಕೊ, ನಾರ್ವೆ ಮತ್ತು ಅಮೆರಿಕಗಳಲ್ಲಿ ಪರೀಕ್ಷಿಸಿ, 1993ರಲ್ಲಿ ಪ್ರಕಟಿಸಿದ ಇದರಲ್ಲಿ ಹತ್ತು ಪ್ರಶ್ನೆಗಳಿವೆ. ಮೊದಲ ಮೂರು ಕುಡಿತದ ಪ್ರಮಾಣವನ್ನೂ, ನಂತರದ ಮೂರು ವ್ಯಸನದ ಲಕ್ಷಣಗಳನ್ನೂ, ಕೊನೆಯ ನಾಲ್ಕು ಆಗಿರುವ ಹಾನಿಯನ್ನೂ ವಿಚಾರಿಸುತ್ತವೆ; ಒಟ್ಟು 40 ಅಂಕಗಳಲ್ಲಿ 8 ಅಥವಾ ಹೆಚ್ಚು ಬಂದರೆ ಅಪಾಯದ ಕುಡಿತವೆಂದು ಎಣಿಸಲಾಗುತ್ತದೆ. ಆರು ದೇಶಗಳ ಆ ಪಟ್ಟಿಯಲ್ಲಿ ದಕ್ಷಿಣ ಏಷ್ಯಾದ ಒಂದು ದೇಶವೂ ಇರಲಿಲ್ಲವೆಂಬುದು ಗಮನಾರ್ಹ.

ಪಶ್ಚಿಮ ಲಂಡನ್ನಿನ ಸೌತ್‌ಹಾಲ್‌ನ ರಬ್ಬರ್ ಕಾರ್ಖಾನೆಗೂ, ಬರ್ಮಿಂಗ್‌ಹ್ಯಾಮ್ ಸುತ್ತಲಿನ ಎರಕದ ಕಾರ್ಖಾನೆಗಳಿಗೂ ದುಡಿಯಲು ಬಂದ ಪಂಜಾಬಿ ಪುರುಷರಲ್ಲಿ ವಿಸ್ಕಿ ಕುಡಿತ ಪಬ್ಬಿನಲ್ಲಿ ನಡೆದಂತೆ ಮನೆಯಲ್ಲಿಯೂ ಮದುವೆ ಮನೆಯಲ್ಲಿಯೂ ನಡೆಯುತ್ತಿತ್ತು. ಬ್ರಿಟನ್ನಿನಲ್ಲಿ ಒಂದು 'ಯೂನಿಟ್' ಎಂದರೆ 10 ಮಿ.ಲೀ. ಶುದ್ಧ ಆಲ್ಕೊಹಾಲ್, ಪಬ್ಬಿನಲ್ಲಿ ಅಳೆದು ಕೊಡುವ 25 ಮಿ.ಲೀ. ವಿಸ್ಕಿಯಲ್ಲಿ ಇರುವುದು ಅಷ್ಟೇ. ಕಿರುಬೆರಳಿನಿಂದ ತೋರುಬೆರಳಿನವರೆಗಿನ ಎತ್ತರಕ್ಕೆ ಗ್ಲಾಸಿಗೆ ಸುರಿಯುವ ಪಟಿಯಾಲಾ ಪೆಗ್ ಸಾಮಾನ್ಯವಾಗಿ 120 ಮಿ.ಲೀ. ಸುಮಾರಿನದು, ಅಂದರೆ ಹತ್ತಿರ ಹತ್ತಿರ ಐದು ಯೂನಿಟ್. ಕುಡಿಯುವ ದಿನ ಎಷ್ಟು ಪೆಗ್ ಎಂದು ನರ್ಸ್ ಕೇಳಿದಾಗ 'ಎರಡೇ' ಎನ್ನುವವನು ಸುಳ್ಳಾಡಿರುವುದಿಲ್ಲ; ಆದರೆ ಆ ಪ್ರಶ್ನೆಗೆ ಅವನಿಗೆ ಸಿಗುವುದು ಸೊನ್ನೆ, ಯೂನಿಟ್ ಲೆಕ್ಕದಲ್ಲಿ ಸಿಗಬೇಕಾದದ್ದು ಕನಿಷ್ಠ 3 ಅಂಕ.

ರೇಮಂಡ್ ಕಾಕ್ರೇನ್ ಮತ್ತು ಸುಖವಂತ್ ಬಲ್ ಅವರು ವೆಸ್ಟ್ ಮಿಡ್‌ಲ್ಯಾಂಡ್ಸ್‌ನ ಸಿಖ್, ಹಿಂದೂ, ಮುಸ್ಲಿಂ ಮತ್ತು ಬಿಳಿಯ ಪುರುಷರನ್ನು ಹೋಲಿಸಿ 1990ರಲ್ಲಿ ಪ್ರಕಟಿಸಿದ ಸಮೀಕ್ಷೆ, 'ಏಷ್ಯನ್ನರು' ಎಂದು ಒಂದೇ ಹೆಸರಿನಡಿ ಎಲ್ಲರನ್ನೂ ಸೇರಿಸುವ ರೂಢಿ ಎಷ್ಟು ಪೊಳ್ಳೆಂಬುದನ್ನು ತೋರಿಸಿತು: ಸಿಖ್ಖರಲ್ಲಿ ನಿಯಮಿತವಾಗಿ ಕುಡಿಯುವವರು ಹೆಚ್ಚು, ಮುಸ್ಲಿಮರಲ್ಲಿ ಕುಡಿಯುವವರೇ ಕಡಿಮೆ, ಆದರೆ ಕುಡಿಯುವ ಕೆಲವರದು ಭಾರಿ ಕುಡಿತ. ಧರ್ಮ ನಿಷೇಧಿಸಿದ್ದನ್ನು ಕದ್ದು ಮಾಡುವವನ ಮುಂದೆ ನಡೆಯುವ ತಪಾಸಣೆಯ ಕಷ್ಟವೇ ಬೇರೆ. ದುಭಾಷಿ ಸಿಗದಾಗ ಮಗನೋ ಹೆಂಡತಿಯೋ ಆ ಜಾಗದಲ್ಲಿ ಕುಳಿತರೆ, ಕುಡಿತದಿಂದ ಮನೆಯವರಿಗೆ ಪೆಟ್ಟಾಗಿದೆಯೇ ಎಂಬ ಪ್ರಶ್ನೆಯನ್ನು ಪೆಟ್ಟು ತಿಂದವರೇ ಅನುವಾದಿಸಬೇಕಾದ ವಿಚಿತ್ರ ಪರಿಸ್ಥಿತಿ ಒದಗುತ್ತದೆ.

ಸರ್ಕಾರದ ಗಮನ ಈ ಸೂಕ್ಷ್ಮಗಳತ್ತ ಹರಿದದ್ದು ನಿಧಾನವಾಗಿ. ಜನಗಣತಿಯಲ್ಲಿ ಜನಾಂಗೀಯ ಮೂಲದ ಪ್ರಶ್ನೆ ಸೇರಿದ್ದೇ 1991ರಲ್ಲಿ. ಮಾನಸಿಕ ಕಾಯಿಲೆಯೂ ವ್ಯಸನವೂ ಒಟ್ಟಿಗಿರುವ 'ಇಮ್ಮಡಿ ರೋಗನಿದಾನ'ದ ರೋಗಿಗಳನ್ನು ಮಾನಸಿಕ ಆರೋಗ್ಯ ಸೇವೆಯೇ ನೋಡಿಕೊಳ್ಳಬೇಕೆಂದು ಆರೋಗ್ಯ ಇಲಾಖೆ 2002ರಲ್ಲಿ ಮಾರ್ಗದರ್ಶಿ ಹೊರಡಿಸಿತು. ಅಲ್ಲಿಯವರೆಗೆ ಇಂಥವರನ್ನು ಮನೋವೈದ್ಯರು ಮದ್ಯವ್ಯಸನ ಕೇಂದ್ರಕ್ಕೂ, ಆ ಕೇಂದ್ರದವರು ಮನೋವೈದ್ಯರ ಬಳಿಗೂ ಸಾಗಹಾಕುವುದು ಸಾಮಾನ್ಯವಾಗಿತ್ತು. ಕಪ್ಪು ರೋಗಿ ಡೇವಿಡ್ ಬೆನೆಟ್ 1998ರಲ್ಲಿ ಸಿಬ್ಬಂದಿಯ ಹಿಡಿತದಲ್ಲಿ ಸತ್ತ ಪ್ರಕರಣದ ವಿಚಾರಣೆಯ ಬಳಿಕ, 2005ರಲ್ಲಿ ಮಾನಸಿಕ ಆರೋಗ್ಯ ಸೇವೆಯಲ್ಲಿ ಜನಾಂಗೀಯ ಸಮಾನತೆಯ ಕಾರ್ಯಕ್ರಮ ಬಂದಿತು. ವೈದ್ಯಕೀಯ ಮಾರ್ಗಸೂಚಿಗಳನ್ನು ರೂಪಿಸುವ 'ನೈಸ್' ಸಂಸ್ಥೆ 2010ರಲ್ಲಿ, ಕೆಲವು ಕಪ್ಪು ಮತ್ತು ಅಲ್ಪಸಂಖ್ಯಾತ ಜನಾಂಗದವರಿಗೆ ಆಡಿಟ್‌ನ ಅಂಕದ ಗಡಿಯನ್ನು ತಗ್ಗಿಸಬೇಕಾಗಬಹುದು, ಸಂಶಯವಿದ್ದರೆ ತಜ್ಞರನ್ನು ಕೇಳಬೇಕು ಎಂದು ಸೂಚಿಸಿತು. ಗಡಿ ತಗ್ಗಿಸುವುದು ಅರ್ಧ ಪರಿಹಾರವಷ್ಟೇ. ಸುರಿದ ಪ್ರಮಾಣವನ್ನೇ ಕೇಳದೆ ಬರೆದುಕೊಂಡ ಸೊನ್ನೆಯನ್ನು ಯಾವ ಗಡಿಯೂ ತಿದ್ದಲಾರದು.