ಬಿಡಲು ಕೈಯಲ್ಲಿ ಏನಾದರೂ ಇರಬೇಕು

ಹನೂರು ತಾಲ್ಲೂಕಿನ ಮಾರ್ಟಳ್ಳಿಯಲ್ಲಿ ಮನೆಮಾತು ಹೆಚ್ಚಾಗಿ ತಮಿಳು, ಕಚೇರಿಯ ಮಾತು ಕನ್ನಡ. ಮೋಹಕ್ಕೆ ತಮಿಳಿನಲ್ಲಿ ‘ಪಟ್ರು’ ಎನ್ನುತ್ತಾರೆ. ನಮ್ಮ ‘ಹತ್ತು’ ಅದರ ಒಡಹುಟ್ಟು. ಜಿಗಣೆ ಹತ್ತಿತು, ಚಟ ಹತ್ತಿತು, ಬೆಂಕಿ ಹತ್ತಿತು ಎನ್ನುವಾಗಿನ ಹತ್ತು. ಬಿಡುವುದಕ್ಕೆ ಈ ಸೀಮೆಯ ಕನ್ನಡದಲ್ಲಿ ‘ಬುಡು’. ಬೆಳೆ ಒಣಗಿದರೂ ನೆಂಟ ಮುನಿದರೂ ‘ಬುಡು ಅತ್ಲಾಗಿ, ಓಗಿದ್ದು ಓಯ್ತು’ ಎಂಬ ಸಮಾಧಾನ ಸಿಗುತ್ತದೆ.

ಬುದ್ಧ ಹೇಳಿದ್ದೂ ಇಷ್ಟೇ ಎಂದು ಬಹಳ ಜನ ನಂಬಿದ್ದಾರೆ. ಇಷ್ಟೇ ಅಲ್ಲ. ಅಂಟಿಕೊಳ್ಳುವುದಕ್ಕೆ ಪಾಲಿಯಲ್ಲಿ ಇರುವ ಪದ ‘ಉಪಾದಾನ’. ಅದಕ್ಕೆ ಉರುವಲು ಎಂಬ ಅರ್ಥವೂ ಇದೆ. ಉರುವಲು ತೀರಿದಾಗ ಬೆಂಕಿ ಆರುವುದೇ ನಿಬ್ಬಾನ. ನಮ್ಮ ‘ಬೆಂಕಿ ಹತ್ತಿತು’ ಪಾಲಿ ಓದದೆಯೇ ಈ ರೂಪಕವನ್ನು ಹಿಡಿದಿಟ್ಟಿದೆ. ಉಪಾದಾನದಲ್ಲಿ ನಾಲ್ಕು ಬಗೆ: ಸುಖಕ್ಕೆ, ಅಭಿಪ್ರಾಯಕ್ಕೆ, ವ್ರತನಿಯಮಕ್ಕೆ, ‘ನಾನು’ ಎಂಬುದಕ್ಕೆ ಅಂಟಿಕೊಳ್ಳುವುದು. ಮನೆ, ಹೊಲ, ಹೆಂಡತಿ, ಮಕ್ಕಳು ಎಂಬ ಹೆಸರಿನ ಕಲಂ ಅದರಲ್ಲಿಲ್ಲ. ಆದರೆ ವ್ರತಕ್ಕೆ ಅಂಟಿಕೊಳ್ಳುವುದು ಇದೆ. ಹೊಳೆ ದಾಟಿದ ಮೇಲೆ ತೆಪ್ಪವನ್ನು ಹೊತ್ತು ನಡೆಯಬೇಡ ಎಂದ ಬುದ್ಧ, ತನ್ನ ಧರ್ಮವನ್ನೂ ಆ ತೆಪ್ಪದ ಲೆಕ್ಕಕ್ಕೇ ಸೇರಿಸಿದ. ತಮಾಷೆ ಎಂದರೆ, ಕನ್ನಡಕ್ಕೆ ಬಂದ ‘ಉಪಾದಾನ’ ದಾಸರು ಮನೆಮನೆಗೆ ಹೋಗಿ ಎತ್ತುವ ಭಿಕ್ಷೆಯ ಹೆಸರಾಯಿತು. ಮುಷ್ಟಿ ಬಿಗಿಯುವುದನ್ನು ಹೇಳುತ್ತಿದ್ದ ಪದ ಇಲ್ಲಿ ಬೊಗಸೆ ಒಡ್ಡಿತು.

ಬಿಡುವ ವಿದ್ಯೆ ಕನ್ನಡ ನಾಡಿನಲ್ಲಿ ಬೆಳೆದ ಬಗೆಯನ್ನು ಒಂದೇ ಪ್ರಶ್ನೆ ಹಿಡಿದು ನೋಡಬಹುದು: ಯಾರು ಬಿಡಬೇಕು, ಅವರ ಬಳಿ ಬಿಡಲು ಏನಿದೆ?

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನ ಈ ಪ್ರಶ್ನೆಯನ್ನು ಆಗಲೇ ಮುಟ್ಟಿದೆ. ಸಾಧನೆಯ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತದೆ ಎಂಬುದು ಅದರ ತಾತ್ಪರ್ಯ. ಹತ್ತು, ಹನ್ನೊಂದನೆಯ ಶತಮಾನಗಳ ಕುರುಹುಗಳಲ್ಲಿ ಮಾತ್ರ ಹೆಚ್ಚಾಗಿ ದೊಡ್ಡವರೇ ಕಾಣುತ್ತಾರೆ. ಕದ್ರಿಯ ಲೋಕೇಶ್ವರನನ್ನು 968ರಲ್ಲಿ ಸ್ಥಾಪಿಸಿದವನು ಅಳುಪ ದೊರೆ ಕುಂದವರ್ಮ. ಬಳ್ಳಿಗಾವೆಯ ಬೌದ್ಧ ವಿಹಾರವನ್ನು 1065ರಲ್ಲಿ ಕಟ್ಟಿಸಿದವನು ದಂಡನಾಯಕ ರೂಪಭಟ್ಟಯ್ಯ. ಡಂಬಳದ ತಾರಾದೇವಿಗೆ 1095ರಲ್ಲಿ ದತ್ತಿ ಬಿಟ್ಟವರು ಸೆಟ್ಟಿಗಳು. ಇದ್ದವರು ಬಿಟ್ಟರು, ಬಿಟ್ಟದ್ದನ್ನು ಕಲ್ಲಿನಲ್ಲಿ ಬರೆಸಿಕೊಂಡರು.

ಬಳಿಕ ವಿಹಾರಗಳು ಬರಿದಾದವು, ವಿಚಾರ ಉಳಿಯಿತು. ವಚನಕಾರ ಅಲ್ಲಮನ ಬಯಲನ್ನೂ ಬೌದ್ಧ ದಾರ್ಶನಿಕ ನಾಗಾರ್ಜುನನ ಶೂನ್ಯವನ್ನೂ ಎದುರುಬದುರು ಇಟ್ಟು ನಟರಾಜ ಬೂದಾಳು ಮಾಡಿರುವ ಅಧ್ಯಯನದಲ್ಲಿ ಇದನ್ನು ಕಾಣಬಹುದು.

ಕೊಳ್ಳೇಗಾಲದ ಸೀಮೆ ತನ್ನ ಉತ್ತರವನ್ನು ಗ್ರಂಥದಲ್ಲಿ ಬರೆಯಲಿಲ್ಲ, ತಂಬೂರಿ ಮತ್ತು ಕಂಸಾಳೆಯ ಜೊತೆ ಹಾಡಿಕೊಂಡಿತು. ನನಗೆ ಈ ಅಧ್ಯಾಯವೇ ಎಲ್ಲಕ್ಕಿಂತ ದೊಡ್ಡದು. ಮಂಟೇಸ್ವಾಮಿಯ ಒಕ್ಕಲಾದ ನೀಲಗಾರರು ಹಾಡುವ ಕಾವ್ಯದಲ್ಲಿ ಮಂಟೇಸ್ವಾಮಿ ಕೊಳಕು ವೇಷ ಹಾಕಿಕೊಂಡು ಬಸವಣ್ಣನ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಸರ್ವಸಂಗ ಬಿಟ್ಟೆವೆಂದುಕೊಂಡ ಜಂಗಮರು ಮೂಗು ಮುಚ್ಚಿಕೊಂಡು ಅವನನ್ನು ಅಟ್ಟುತ್ತಾರೆ. ಎಲ್ಲವನ್ನೂ ಬಿಟ್ಟವರಿಗೆ ಶುಚಿತ್ವದ ಹೆಮ್ಮೆಯನ್ನು ಬಿಡಲು ಆಗಿಲ್ಲ. ವ್ರತನಿಯಮದ ಉಪಾದಾನ ಎಂದು ಬೌದ್ಧ ಪಂಡಿತ ನಾಲ್ಕು ಪುಟ ಬರೆಯುವುದನ್ನು ಹಾಡುಗಾರ ಒಂದು ಬಾಗಿಲಿನಲ್ಲಿ ತೋರಿಸುತ್ತಾನೆ. ಮುಂದೆ ಮಂಟೇಸ್ವಾಮಿ ಕಮ್ಮಾರರ ಮನೆಯ ಮಗನನ್ನೇ ಶಿಷ್ಯನಾಗಿ ಕೇಳುತ್ತಾನೆ. ಆ ಹುಡುಗ ಸಿದ್ದಪ್ಪಾಜಿಯಾಗಿ, ಹಲಗೂರಿನ ಪಾಂಚಾಳರ ಬಾಗಿಲಲ್ಲಿ ಕಬ್ಬಿಣದ ಭಿಕ್ಷೆಗೆ ನಿಲ್ಲುತ್ತಾನೆ. ಚಿಕ್ಕಲ್ಲೂರಿನಲ್ಲಿ ಈಗಲೂ ಅವನ ಜಾತ್ರೆ ನಡೆಯುತ್ತದೆ.

ಮಾದೇಶ್ವರನ ದೇವರಗುಡ್ಡರದ್ದೂ ಇದೇ ದಾರಿ. ಅವರು ಸಂಸಾರಿಗಳು, ಹೊಲ ಉಳುವವರು, ಸಾಲಸೋಲ ಇರುವವರು. ದೀಕ್ಷೆ ಪಡೆದ ಗುಡ್ಡ ಮನೆ ಬಿಡುವುದಿಲ್ಲ. ಕಂಸಾಳೆ ಹಿಡಿದು ಊರ ಬಾಗಿಲುಗಳಲ್ಲಿ ಭಿಕ್ಷೆಗೆ ನಿಂತಷ್ಟು ಹೊತ್ತು ‘ನಾನು ಇಂಥವನು’ ಎಂಬುದನ್ನು ಪಕ್ಕಕ್ಕಿಟ್ಟಿರುತ್ತಾನೆ. ಕೊಟ್ಟರೆ ಜೋಳಿಗೆಗೆ, ಕೊಡದಿದ್ದರೆ ಮುಂದಿನ ಮನೆಗೆ. ಸಂಸಾರದೊಳಗಿದ್ದೇ ಬಿಡುವುದನ್ನು ರೂಢಿ ಮಾಡಿಕೊಳ್ಳಲು ಇದಕ್ಕಿಂತ ಸರಳವಾದ ವ್ಯವಸ್ಥೆಯನ್ನು ನಾನು ಕಂಡಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಬುದ್ಧ ಮತ್ತೆ ಪುಸ್ತಕಕ್ಕೆ ಬಂದ. ಗೋವಿಂದ ಪೈಗಳ ‘ವೈಶಾಖಿ’ ಅವನ ಕೊನೆಯ ದಿನಗಳನ್ನು ಹೇಳಿತು. ಜಿ.ಪಿ. ರಾಜರತ್ನಂ ಬೌದ್ಧ ಕಥೆಗಳನ್ನು ಮನೆಮನೆಗೆ ತಲುಪಿಸಿದರು. ಮಾಸ್ತಿ ಮಾತ್ರ ‘ಯಶೋಧರಾ’ ನಾಟಕದಲ್ಲಿ ಬಿಟ್ಟವನಿಗಿಂತ ಬಿಡಲ್ಪಟ್ಟವಳ ಕಡೆ ತಿರುಗಿದರು. ಒಬ್ಬನ ವೈರಾಗ್ಯದ ಖರ್ಚನ್ನು ಇನ್ನೊಬ್ಬರು ಭರಿಸುತ್ತಾರೆ ಎಂಬುದನ್ನು ಆ ನಾಟಕ ನೆನಪಿಸುತ್ತದೆ.

ಆಳವಾದ ತಿರುವು ಅಂಬೇಡ್ಕರರದ್ದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದ ಅವರು ಡಿಸೆಂಬರಿನಲ್ಲಿ ತೀರಿಕೊಂಡರು. ‘ಬುದ್ಧ ಮತ್ತು ಆತನ ಧಮ್ಮ’ ಅಚ್ಚಾದದ್ದು 1957ರಲ್ಲಿ. ಮುದುಕ, ರೋಗಿ, ಹೆಣವನ್ನು ನೋಡಿ ಸಿದ್ಧಾರ್ಥ ಮನೆ ಬಿಟ್ಟನೆಂಬ ಕಥೆಯನ್ನು ಅವರು ಒಪ್ಪಲಿಲ್ಲ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟಾಗ ಅದನ್ನು ವಿರೋಧಿಸಿ ಅವನು ಮನೆ ಬಿಟ್ಟ ಎಂದರು. ಕಾವೇರಿಯ ದಂಡೆಯ ಎರಡು ರಾಜ್ಯಗಳ ಗಡಿಯಲ್ಲಿ ಕುಳಿತು ಓದಿದರೆ ಈ ಬುದ್ಧ ತೀರ ನೆರೆಯವನು ಅನ್ನಿಸುತ್ತಾನೆ. ಬುದ್ಧ ಬಡತನವನ್ನು ಹೊಗಳಲಿಲ್ಲ, ಇದ್ದ ಸ್ಥಿತಿಯಲ್ಲೇ ತೃಪ್ತರಾಗಿರಿ ಎಂದು ನೊಂದವರಿಗೆ ಹೇಳಲಿಲ್ಲ ಎಂಬುದು ಅಂಬೇಡ್ಕರರ ವಾದ. ಬಿಡಬೇಕಾದದ್ದು ದುರಾಸೆಯನ್ನು, ಹಕ್ಕನ್ನಲ್ಲ. ಕೊಳ್ಳೇಗಾಲ, ಯಳಂದೂರು ಸುತ್ತಿನ ದಲಿತ ಕೇರಿಗಳಲ್ಲಿ ಪೂಜೆಗೊಳ್ಳುವ ಬುದ್ಧ ಇವನೇ. ‘ಬುಡು ಅತ್ಲಾಗಿ’ ಎಂಬ ಸಮಾಧಾನವನ್ನು ತಲೆಮಾರುಗಳಿಂದ ಕೇಳಿ ಸಾಕಾದವರ ಬುದ್ಧ.

ಇದೇ ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ಇನ್ನೊಂದು ಬೌದ್ಧ ಲೋಕವಿದೆ. 1970ರ ದಶಕದಲ್ಲಿ ಟಿಬೆಟಿನ ನಿರಾಶ್ರಿತರಿಗಾಗಿ ಅಲ್ಲಿ ಧೊಂಡೆನ್‌ಲಿಂಗ್ ವಸತಿ ಏರ್ಪಟ್ಟಿತು. ಮೆಕ್ಕೆಜೋಳ ಬೆಳೆಯುವುದು, ಚಳಿಗಾಲಕ್ಕೆ ಸ್ವೆಟರ್ ಮಾರಲು ಊರೂರಿಗೆ ಹೋಗುವುದು ಅವರ ಬದುಕು. ಅಲ್ಲಿನ ಜೋಗ್ಚೆನ್ ಮಠವನ್ನು ದಲೈ ಲಾಮಾ 1992ರಲ್ಲಿ ಉದ್ಘಾಟಿಸಿದರು. ಈ ಪರಂಪರೆಯ ಹತ್ತೊಂಬತ್ತನೆಯ ಶತಮಾನದ ಗುರು ಪತ್ರುಲ್ ರಿನ್ಪೋಚೆ ಹರಕು ಬಟ್ಟೆಯಲ್ಲಿ ಗುರುತು ಹೇಳಿಕೊಳ್ಳದೆ ಅಲೆದವರು. ಮಂಟೇಸ್ವಾಮಿ ಎದುರಾಗಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸುತ್ತಿದ್ದರೇನೋ. ಆದರೆ ದೇಶವನ್ನೇ ಕಳೆದುಕೊಂಡು ಬಂದವರ ಮುಂದೆ ನಿಂತು, ತಾಯ್ನೆಲದ ಮೋಹ ಬಿಡಿ ಎನ್ನುವ ಧೈರ್ಯ ಯಾರಿಗಿದೆ? ಕಳೆದುಕೊಳ್ಳುವುದು ಬೇರೆ, ಬಿಡುವುದು ಬೇರೆ.

ಇತ್ತೀಚಿನ ಅಧ್ಯಾಯ ಧ್ಯಾನ ಶಿಬಿರಗಳದ್ದು. ಗೋಯೆಂಕಾ ಪರಂಪರೆಯ ಹತ್ತು ದಿನಗಳ ವಿಪಸ್ಸನಕ್ಕೆ ಶುಲ್ಕವಿಲ್ಲ, ಬೆಂಗಳೂರಿನ ಬಳಿಯ ಧಮ್ಮ ಪಫುಲ್ಲದಲ್ಲೂ ಇಲ್ಲ. ನೋವು ಬಂದರೆ ನೋಡು, ಸುಖ ಬಂದರೂ ನೋಡು, ಎರಡಕ್ಕೂ ಹತ್ತಬೇಡ ಎಂಬ ಅಭ್ಯಾಸ ಅದು, ಮಾಡಿದವರಿಗೆ ಉಪಕಾರವಾಗಿದೆ. ಆದರೆ ಮಾರ್ಟಳ್ಳಿಯ ಕೂಲಿಯವನಿಗೆ ಹತ್ತು ದಿನದ ಮೌನವೆಂದರೆ ಹತ್ತು ದಿನದ ಕೂಲಿ. ಮೊಬೈಲ್ ಆ್ಯಪುಗಳು ಮಾರುವ ‘ನಿರ್ಲಿಪ್ತತೆ’ಯ ಬಗ್ಗೆ ಮಾತು ಬೇಡ.

ಸಿರಿವಂತ ಗೃಹಸ್ಥ ಅನಾಥಪಿಂಡಿಕನಿಗೆ ಬುದ್ಧ ಹೇಳಿದ ನಾಲ್ಕು ಸುಖಗಳನ್ನು ನಮ್ಮ ಉಪನ್ಯಾಸಕಾರರು ಯಾಕೋ ಹೆಚ್ಚು ಎತ್ತಿಕೊಳ್ಳುವುದಿಲ್ಲ. ನ್ಯಾಯವಾಗಿ ಗಳಿಸಿದ್ದು ಇರುವ ಸುಖ, ಅದನ್ನು ಉಂಡು ಹಂಚುವ ಸುಖ, ಸಾಲವಿಲ್ಲದ ಸುಖ, ದೋಷವಿಲ್ಲದ ಸುಖ. ಕೊನೆಯದು ದೊಡ್ಡದೆಂದ, ನಿಜ. ಹಾಗೆಂದು ಮೊದಲ ಮೂರನ್ನು ತೆಗೆದುಹಾಕಲಿಲ್ಲ. ಅದರಲ್ಲಿ ಮೂರನೆಯದು ನಮ್ಮ ಜಿಲ್ಲೆಗೆ ಬೇಕಾದದ್ದು. 2025ರ ಆರಂಭದಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ವಸೂಲಿಗೆ ಹೆದರಿ ಕೆಲವು ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ಸಿದ್ಧಾರ್ಥ ಮನೆ ಬಿಟ್ಟದ್ದನ್ನು ಕರೆದಂತೆ, ಅವರು ಹೋದದ್ದನ್ನು ಯಾರೂ ಮಹಾಭಿನಿಷ್ಕ್ರಮಣ ಎನ್ನಲಿಲ್ಲ. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ ಆ ವರ್ಷದ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು.